ಬಿಸಿನೀರಿನ ಸದ್ದಿಗೆ ಬಾಗುಕೊಳವೆಯ ಮದ್ದು

ನಮ್ಮ ಮಾಗಿಯ ಚಳಿಗೆ ಒಂದು ಕಂಬಳಿ, ಬಚ್ಚಲೊಲೆಯ ಮುಂದೆ ಒಂದು ಗಳಿಗೆ, ಇಷ್ಟು ಸಾಕು. ಇಂಗ್ಲೆಂಡಿನಂಥ ನಾಡುಗಳಲ್ಲಿ ಹಾಗಲ್ಲ. ಅಲ್ಲಿ ಮನೆಯನ್ನೇ ಕಾಯಿಸಬೇಕು. ಒಂದು ಮೂಲೆಯಲ್ಲಿ ಬಾಯ್ಲರು ನೀರನ್ನು ಕಾಯಿಸುತ್ತದೆ. ಸಣ್ಣದೊಂದು ಪಂಪು ಆ ನೀರನ್ನು ಕೊಳವೆಗಳಲ್ಲಿ ಕೋಣೆಕೋಣೆಗೂ ಅಟ್ಟುತ್ತದೆ. ಗೋಡೆಗೆ ತಗುಲಿಸಿದ ರೇಡಿಯೇಟರುಗಳಲ್ಲಿ ನೀರು ತನ್ನ ಬಿಸಿಯನ್ನು ಬಿಟ್ಟು ಮತ್ತೆ ಬಾಯ್ಲರಿಗೆ ಮರಳುತ್ತದೆ. ದೇಹದಲ್ಲಿ ಹೃದಯವೂ ರಕ್ತನಾಳಗಳೂ ಮಾಡುವಂಥ ಕೆಲಸವೇ ಇದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಸಂಸಾರ ಹೂಡಿದ್ದಾನೆ. ಒಮ್ಮೆ ಫೋನಿನಲ್ಲಿ ಗೋಳಿಟ್ಟ: “ಮೇಷ್ಟ್ರೇ, ಮನೆ ಬೆಚ್ಚಗಿದೆ, ನಿದ್ದೆ ಮಾತ್ರ ಇಲ್ಲ. ತಲೆದಿಂಬಿನ ಪಕ್ಕದ ಗೋಡೆ ರಾತ್ರಿಯೆಲ್ಲ ಗುಂಯ್ ಎನ್ನುತ್ತದೆ, ಕೂಸು ಬೆಚ್ಚಿ ಏಳುತ್ತದೆ. ಪಂಪು ಇರುವುದೋ, ಕೆಳಗಿನ ಅಡಿಗೆಮನೆಯಲ್ಲಿ!”

ಪಂಪು ಕೆಳಗೆ, ಸದ್ದು ಮೇಲೆ. ಇದು ಹೇಗೆ? ತಂಬೂರಿಯನ್ನು ನೆನೆಯಿರಿ. ಬರಿಯ ತಂತಿಯನ್ನು ಎಳೆದು ಹಿಡಿದು ಮೀಟಿದರೆ ದನಿ ಅಷ್ಟಕ್ಕಷ್ಟೆ. ಅದೇ ತಂತಿ ಕುದುರೆಯ ಮೂಲಕ ಬುರುಡೆಯನ್ನು ನಡುಗಿಸಿದಾಗ ಸಭೆಯೆಲ್ಲ ತುಂಬುತ್ತದೆ. ಇಲ್ಲಿ ಪಂಪು ಮೀಟುವ ಬೆರಳು, ಕೊಳವೆಯೇ ತಂತಿ, ಕೊಳವೆಯನ್ನು ಗೋಡೆಗೆ ಬಿಗಿದ ಕ್ಲಾಂಪು ಕುದುರೆ, ಗೋಡೆಯೂ ಹಲಗೆಯ ನೆಲವೂ ಬುರುಡೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗಿದರೆ ಉಕ್ಕಿನಲ್ಲಿ ಸುಮಾರು 5,000 ಮೀಟರು ಸಾಗುತ್ತದೆ. ದಾರಿಯಲ್ಲಿ ಸವೆಯುವುದೂ ಅಲ್ಪ.

ಆದುದರಿಂದ ಉಪಾಯವೆಂದರೆ ಈ ತಂತಿಯನ್ನು ನಡುವೆ ಕಡಿಯುವುದು. ಪಂಪಿನ ಎರಡು ಕಡೆಗೂ ಒಂದೊಂದು ತುಂಡು ಬಾಗುಕೊಳವೆಯನ್ನು ಜೋಡಿಸುತ್ತಾರೆ. ಅದರ ಒಳಗೆ ಬಿಸಿ ತಾಳುವ ರಬ್ಬರು, ಹೊರಗೆ ತುಕ್ಕು ಹಿಡಿಯದ ಉಕ್ಕಿನ ಎಳೆಗಳ ಹೆಣಿಗೆ. ಗಟ್ಟಿ ಲೋಹದಿಂದ ಮೆತ್ತನೆಯ ರಬ್ಬರಿಗೆ ಬಂದ ನಡುಕದಲ್ಲಿ ಬಹುಪಾಲು ಹಿಂದಕ್ಕೇ ಮರಳುತ್ತದೆ. ಒಂದಷ್ಟು ರಬ್ಬರಿನೊಳಗೆ ಸವೆದು ಕಾವಾಗುತ್ತದೆ.

ಮದ್ದಿಗೆ ಪಥ್ಯವೂ ಉಂಟು. ಬಾಗುಕೊಳವೆಯನ್ನು ಎಳೆದು ಬಿಗಿಯಬಾರದು, ತಿರುಚಲೂ ಬಾರದು. ಬಿಗಿದರೆ ಅದೂ ತಂತಿಯೇ ಆಗುತ್ತದೆ. ಬಿಸಿನೀರಿನ ಒತ್ತಡಕ್ಕೆಂದೇ ಮಾಡಿದ ಕೊಳವೆಯನ್ನು ಆರಿಸಬೇಕು. ಸಾಮಾನ್ಯ ರಬ್ಬರಿನ ಮೂಲಕ ಗಾಳಿಯ ಆಮ್ಲಜನಕ ಒಳಗೆ ನುಸುಳಿ ಉಕ್ಕಿನ ರೇಡಿಯೇಟರುಗಳಿಗೆ ತುಕ್ಕು ಹಿಡಿಸುತ್ತದೆ. ರಬ್ಬರಿಗೆ ಮುಪ್ಪೂ ಇದೆ. ಆಗಾಗ ಪರೀಕ್ಷಿಸದಿದ್ದರೆ ಒಂದು ದಿನ ಒಡೆದು ಮನೆ ನೀರಾದೀತು. ಕೆಲಸ ಬಲ್ಲವರ ಕೈಯಲ್ಲೇ ಇದನ್ನು ಮಾಡಿಸಬೇಕು.

ಎಲ್ಲ ಸದ್ದಿಗೂ ಇದೇ ಮದ್ದಲ್ಲ. ಟಿಕ್ ಟಿಕ್ ಎಂದರೆ ಕೊಳವೆ ಕಾದು ಹಿಗ್ಗುತ್ತಿದೆ ಎಂದರ್ಥ. 10 ಮೀಟರು ಉದ್ದದ ತಾಮ್ರದ ಕೊಳವೆ 50 ಡಿಗ್ರಿ ಹೆಚ್ಚು ಕಾದರೆ ಸುಮಾರು 8 ಮಿಲಿಮೀಟರು ಬೆಳೆಯುತ್ತದೆ. ಅದಕ್ಕೆ ಸರಿದಾಡಲು ಎಡೆ ಬೇಕು. ಗುಳುಗುಳು ಎಂದರೆ ಒಳಗೆ ಗಾಳಿ ಸೇರಿದೆ, ಅದನ್ನು ಹೊರಗೆ ಬಿಡಬೇಕು. ಬಾಯ್ಲರೇ ಕೆಟಲಿನಂತೆ ಮೊರೆದರೆ ಸಾಮಾನ್ಯವಾಗಿ ಸುಣ್ಣದ ಕಿಟ್ಟ ಕಟ್ಟಿರುತ್ತದೆ. ಗುಂಯ್ ಎಂಬ ನಡುಕಕ್ಕೇ ಬಾಗುಕೊಳವೆ. ನೀರಿನ ಮೂಲಕವೇ ಸಾಗುವ ಸದ್ದನ್ನು ಅದೂ ಪೂರ್ತಿ ತಡೆಯಲಾರದು. ಮೊದಲು ಪಂಪಿನ ವೇಗವನ್ನು ತಗ್ಗಿಸಿ ನೋಡುವುದು ಮೇಲು.

ನನ್ನ ಶಿಷ್ಯ ಬಾಗುಕೊಳವೆಗಳನ್ನು ಹಾಕಿಸಿದ. ಸದ್ದು ಕೊಂಚ ಇಳಿಯಿತು, ನಿಲ್ಲಲಿಲ್ಲ. ಹುಡುಕಿದರೆ ಪಂಪನ್ನು ಗೋಡೆಗೆ ಕಚ್ಚಿಸಿದ ಕಬ್ಬಿಣದ ಪಟ್ಟಿಯೊಂದು ಹಾಗೆಯೇ ಉಳಿದಿತ್ತು! ಹೆಬ್ಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಪಂಪಿನ ಭಾರವನ್ನು ರಬ್ಬರಿನ ಮೆತ್ತೆಯ ಮೇಲೆ ಇಳಿಸಿದ ರಾತ್ರಿ ಕೂಸು ಬೆಳಗಿನವರೆಗೆ ಮಲಗಿತಂತೆ.

ನಮ್ಮ ಮನೆಗಳಲ್ಲಿ ಬಾಯ್ಲರಿಲ್ಲದಿದ್ದರೂ ಈ ತತ್ತ್ವವನ್ನು ನೀವೇ ಪರೀಕ್ಷಿಸಬಹುದು. ರೇಡಿಯೋವನ್ನು ಬರಿಯ ಮೇಜಿನ ಮೇಲಿಟ್ಟು, ದನಿ ಏರಿಸಿ, ಹಲಗೆಯ ಮೇಲೆ ಅಂಗೈ ಇಡಿ, ನಡುಕ ತಿಳಿಯುತ್ತದೆ. ಅನಂತರ ರೇಡಿಯೋದ ಅಡಿಗೆ ಮಡಿಸಿದ ಕಂಬಳಿ ಹಾಸಿ ನೋಡಿ. ನಡುಕ ತಗ್ಗುತ್ತದೆ, ಹಾಡು ನಿಲ್ಲುವುದಿಲ್ಲ.