ಕೇರ್ ವರ್ಕರ್ ಕಾರಿನ ಖರ್ಚು ಯಾರ ಪಾಲಿಗೆ?

ಬ್ರಿಟನ್ನಿನಲ್ಲಿ ವೃದ್ಧರೂ ಅಂಗವಿಕಲರೂ ತಮ್ಮ ಮನೆಯಲ್ಲಿಯೇ ಇದ್ದು ನಿತ್ಯದ ನೆರವು ಪಡೆಯುವ ವ್ಯವಸ್ಥೆಗೆ ಹೋಮ್ ಕೇರ್ ಎಂದು ಹೆಸರು. ಒಬ್ಬರಿಗೆ ಸ್ನಾನ ಮಾಡಿಸಿ, ಇನ್ನೊಬ್ಬರಿಗೆ ಉಪಾಹಾರ ಕೊಟ್ಟು, ಮತ್ತೊಬ್ಬರು ಮಾತ್ರೆ ನುಂಗಿದ್ದನ್ನು ನೋಡಿಕೊಂಡು ಮನೆಯಿಂದ ಮನೆಗೆ ಸಾಗುವ ಕೇರ್ ವರ್ಕರ್‌ಗೆ, ಬಸ್ಸು ವಿರಳವಾದ ಹಳ್ಳಿಗಾಡಿನಲ್ಲಂತೂ ಕಾರಿಲ್ಲದೆ ಕೆಲಸ ಸಾಗದು; ಆದ್ದರಿಂದ ಅನೇಕ ಸಂಸ್ಥೆಗಳು ಸ್ವಂತ ಕಾರನ್ನು ನೇಮಕದ ಷರತ್ತಾಗಿಯೇ ಇಡುತ್ತವೆ. ಕನಿಷ್ಠ ವೇತನದ ಆಸುಪಾಸಿನಲ್ಲಿ ದುಡಿಯುವವರೇ ಕೆಲಸದ ಮುಖ್ಯ ಸಾಧನವನ್ನೂ ಒದಗಿಸಬೇಕಾಗಿರುವ ಈ ಏರ್ಪಾಡಿನಲ್ಲಿ, ಅದರ ವೆಚ್ಚ ಪೂರ್ತಿಯಾಗಿ ಮರಳುವುದೇ ಎಂಬುದು ಜೀವನೋಪಾಯದ ಪ್ರಶ್ನೆ.

ಕೆಲಸಕ್ಕಾಗಿ ಓಡಿಸಿದ ದೂರಕ್ಕೆ ಉದ್ಯೋಗದಾತರು ಕೊಡುವ ಹಣವನ್ನು ಮೈಲೇಜ್ ಭತ್ಯೆ ಎನ್ನುತ್ತಾರೆ. 2011ರ ಏಪ್ರಿಲ್‌ನಲ್ಲಿ ನಿಗದಿಯಾಗಿ ಒಂದು ದಶಕಕ್ಕೂ ಹೆಚ್ಚು ಕಾಲ ಬದಲಾಗದೆ ಉಳಿದ ದರದಂತೆ, ವರ್ಷದ ಮೊದಲ 10,000 ಮೈಲಿಗೆ ಮೈಲಿಯೊಂದಕ್ಕೆ 45 ಪೆನ್ಸ್, ಅದರಾಚೆಗೆ 25 ಪೆನ್ಸ್‌ವರೆಗಿನ ಭತ್ಯೆಗೆ ತೆರಿಗೆಯಿಲ್ಲ. ಪೆಟ್ರೋಲ್ ಮಾತ್ರವಲ್ಲದೆ ವಿಮೆ, ದುರಸ್ತಿ, ಸವಕಳಿ ಎಲ್ಲವೂ ಇದರೊಳಗೇ ಅಡಕ. ಆದರೆ ಇದು ತೆರಿಗೆ ವಿನಾಯಿತಿಯ ಮಿತಿಯೇ ಹೊರತು ಕೊಡಲೇಬೇಕಾದ ಮೊತ್ತವಲ್ಲ. ಉದಾಹರಣೆಗೆ, ಸಂಸ್ಥೆಯೊಂದು 25 ಪೆನ್ಸ್ ಮಾತ್ರ ಕೊಟ್ಟು, ಕಾರ್ಮಿಕರೊಬ್ಬರು ವರ್ಷಕ್ಕೆ 6,000 ಮೈಲಿ ಓಡಿಸಿದರೆ 1,200 ಪೌಂಡ್ ಕೊರತೆ ಬೀಳುತ್ತದೆ. ಈ ಕೊರತೆಗೆ ತೆರಿಗೆ ಪರಿಹಾರ ಕೇಳಬಹುದಾದರೂ, ಶೇಕಡ 20ರ ದರದಲ್ಲಿ ತೆರಿಗೆ ಕಟ್ಟುವವರಿಗೆ ಮರಳುವುದು 240 ಪೌಂಡ್ ಮಾತ್ರ, ಉಳಿದ 960 ಪೌಂಡ್ ಅವರದೇ ಹೊರೆ. ಆದಾಯ ಕಡಿಮೆಯಿದ್ದು ತೆರಿಗೆಯನ್ನೇ ಕಟ್ಟದ ಅರೆಕಾಲಿಕ ಕಾರ್ಮಿಕರಿಗಂತೂ, ಅಂದರೆ ನೆರವು ಹೆಚ್ಚು ಬೇಕಾದವರಿಗೇ, ಏನೂ ಸಿಗದು.

ಪ್ರಯಾಣದ ಸಮಯದ್ದು ಇನ್ನೊಂದು ಲೆಕ್ಕ. ಕನಿಷ್ಠ ವೇತನದ ನಿಯಮದಂತೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ಸಮಯವೂ ಕೆಲಸದ ಸಮಯವೇ, ಆದರೆ ಸ್ವಂತ ಮನೆಯಿಂದ ಮೊದಲ ಭೇಟಿಗೆ ಹೋಗುವುದೂ ಕೊನೆಯ ಭೇಟಿಯಿಂದ ಹಿಂದಿರುಗುವುದೂ ಅದಕ್ಕೆ ಸೇರವು. ಆರೈಕೆಯ ನಿಮಿಷಗಳಿಗಷ್ಟೇ ತುಸು ಹೆಚ್ಚಿನ ದರ ಕೊಟ್ಟು, ಪ್ರಯಾಣವೂ ಅದರಲ್ಲೇ ಸೇರಿದೆ ಎನ್ನುವ ಸಂಸ್ಥೆಗಳಿರುವುದರಿಂದ, ದಾರಿಯ ಸಮಯವನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಸರಾಸರಿ ಕನಿಷ್ಠ ವೇತನಕ್ಕಿಂತ ಕೆಳಗಿದೆಯೇ ಎಂದು ನೋಡಬೇಕಾಗುತ್ತದೆ. ಮರುಪಾವತಿಯಾಗದ ಪೆಟ್ರೋಲ್ ವೆಚ್ಚವನ್ನೂ ಕಳೆದೇ ಈ ಲೆಕ್ಕ ಹಾಕಬೇಕೆಂಬುದು ನಿಯಮ, ಮತ್ತು ಅದು ನ್ಯಾಯವಾದ ನಿಯಮ.

ವಿಮೆಯ ವಿಷಯದಲ್ಲಿ ಅಜ್ಞಾನ ದುಬಾರಿಯಾಗುತ್ತದೆ. ಸ್ವಂತ ಓಡಾಟಕ್ಕೆ ಮತ್ತು ಒಂದೇ ಕಚೇರಿಗೆ ಹೋಗಿಬರಲು ಪಡೆದ ಸಾಮಾನ್ಯ ವಿಮೆ, ದಿನಕ್ಕೆ ಹಲವು ಮನೆಗಳಿಗೆ ಕೆಲಸದ ಮೇಲೆ ಓಡಾಡುವುದಕ್ಕೆ ಅನ್ವಯಿಸದು. ಅದಕ್ಕೆ ಬಿಸಿನೆಸ್ ಯೂಸ್ ಎಂಬ ಪ್ರತ್ಯೇಕ ವರ್ಗದ ವಿಮೆ ಬೇಕು, ಆರೈಕೆಯಲ್ಲಿರುವವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವುದಿದ್ದರೆ ಅದನ್ನೂ ವಿಮೆ ಕಂಪನಿಗೆ ತಿಳಿಸಿರಬೇಕು. ಸೂಕ್ತ ವಿಮೆಯಿಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ ಮತ್ತು ಪರವಾನಗಿಯ ಮೇಲೆ ಆರು ದಂಡಾಂಕಗಳು ಬೀಳುತ್ತವೆ.

ಭಾರತದಿಂದ ಹೋದವರಿಗೆ ಈ ಆರು ಅಂಕಗಳ ಪೆಟ್ಟು ಇನ್ನೂ ದೊಡ್ಡದು. 2022ರ ಫೆಬ್ರುವರಿಯಿಂದ 2025ರ ಜುಲೈವರೆಗೆ ಆರೈಕೆ ಕೆಲಸಕ್ಕೆ ಹೊರದೇಶಗಳಿಂದ ನೇಮಕಾತಿಗೆ ವೀಸಾ ಅವಕಾಶವಿದ್ದಾಗ ಅಲ್ಲಿಗೆ ತೆರಳಿದವರಲ್ಲಿ ಭಾರತೀಯರೂ ಬಹಳ. ಭಾರತದ ಪರವಾನಗಿ ಅಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ನಡೆಯುವುದರಿಂದ ಅವರು ಅಲ್ಲಿಯ ಪರೀಕ್ಷೆಯನ್ನೇ ಪಾಸು ಮಾಡಬೇಕು; ಹಾಗೆ ಹೊಸದಾಗಿ ಪಡೆದ ಪರವಾನಗಿ, ಮೊದಲ ಎರಡು ವರ್ಷಗಳಲ್ಲಿ ಆರು ದಂಡಾಂಕ ಬಿದ್ದರೆ ರದ್ದಾಗುತ್ತದೆ, ಕಾರೇ ಷರತ್ತಾಗಿರುವಲ್ಲಿ ಕೆಲಸವೂ ಅದರೊಂದಿಗೆ ಅಪಾಯಕ್ಕೆ ಸಿಲುಕುತ್ತದೆ.

ಅಲ್ಲಿ ಬಂಧುಗಳಿರುವ ಓದುಗರು ಅವರಿಗೆ ಇಷ್ಟನ್ನು ತಿಳಿಸಬೇಕು: ತೆರಿಗೆ ಪರಿಹಾರವನ್ನು ಹಿಂದಿನ ನಾಲ್ಕು ತೆರಿಗೆ ವರ್ಷಗಳಿಗೂ ಕೇಳಬಹುದು, ಅದಕ್ಕೆ ಪ್ರತಿ ಪ್ರಯಾಣದ ದಿನಾಂಕ, ಹೊರಟ ಮತ್ತು ತಲುಪಿದ ಸ್ಥಳ, ಮೈಲಿಗಳನ್ನು ಅಂದಂದೇ ಬರೆದಿಟ್ಟುಕೊಂಡಿರಬೇಕು.