ಅವ್ವನ ವಾತ ಮಗಳಿಗೆ ಬರಲೇಬೇಕೇ?

ಬೀದರ್ ಸೀಮೆಯಲ್ಲಿ ಈ ಕಾಯಿಲೆ ಎಷ್ಟೋ ಸಲ ಮೊದಲು ಗೊತ್ತಾಗುವುದು ಒಲೆಯ ಮುಂದೆ. ಬೆಳಿಗ್ಗೆ ಜೋಳದ ಹಿಟ್ಟು ನಾದಲು ಕೂತ ಹೆಣ್ಣುಮಗಳಿಗೆ ಬೆರಳು ಮಡಚಲು ಬರುವುದಿಲ್ಲ, ರೊಟ್ಟಿ ಬಡಿಯಲು ಅಂಗೈ ಏಳುವುದಿಲ್ಲ. ಹೊತ್ತೇರಿದಂತೆ ಕೈ ತುಸು ಸಡಿಲಾಗುತ್ತದೆ, ಮರುದಿನ ಮತ್ತೆ ಅದೇ. ಕನ್ನಡದವರು ಇದನ್ನು ‘ವಾತ’ ಎನ್ನುತ್ತಾರೆ. ಔರಾದ್, ಭಾಲ್ಕಿ ಕಡೆಯ ಮರಾಠಿ ಮಾತಿನ ಮನೆಗಳಲ್ಲಿ ಅದು ‘ಸಂಧಿವಾತ’, ಬೀದರಿನ ಉರ್ದುವಿನಲ್ಲಿ ‘ಗಠಿಯಾ’. ಯಾವ ಭಾಷೆಯ ಮನೆಯಾದರೂ ಹಿಂದೆಯೇ ಬರುವ ಪ್ರಶ್ನೆ ಒಂದೇ: ‘ನಿಮ್ಮವ್ವಗ ಇತ್ತೇನು?’

ವಿಜ್ಞಾನಿಗಳೂ ಅರ್ಧ ಶತಮಾನದಿಂದ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಅವರಿಗೆ ಸಿಕ್ಕ ಉತ್ತರ ಮಾತ್ರ ನಮ್ಮ ಕಟ್ಟೆಯ ಮೇಲೆ ಓಡಾಡುವ ಉತ್ತರಕ್ಕಿಂತ ಬಹಳ ಬೇರೆ.

ತಪ್ಪು ಕಲ್ಪನೆ 1: ಕೀಲು ನೋವೆಲ್ಲ ಒಂದೇ, ವಯಸ್ಸಾದರೆ ಬರುವಂಥದ್ದು.

ವಾಸ್ತವ: ಅರವತ್ತರ ನಂತರ ಮೊಣಕಾಲು ಸವೆಯುವುದು ಬೇರೆ, ರುಮಟಾಯ್ಡ್ ಸಂಧಿವಾತ ಬೇರೆ. ಎರಡನೆಯದರಲ್ಲಿ ರೋಗಾಣುಗಳೊಂದಿಗೆ ಕಾದಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯುವ ಇಂಥ ರೋಗಗಳಿಗೆ ಆಟೊಇಮ್ಯೂನ್, ಅಂದರೆ ಸ್ವಯಂನಿರೋಧಕ ರೋಗಗಳು ಎಂದು ಹೆಸರು. ಮೂವತ್ತು, ನಲವತ್ತರ ಪ್ರಾಯದಲ್ಲೇ ಇದು ಶುರುವಾಗಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಎರಡೂ ಕೈಗಳ ಸಣ್ಣ ಕೀಲುಗಳು ಒಟ್ಟಿಗೆ ಊದುವುದು, ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ ಉಳಿಯುವುದು ಇದರ ಗುರುತು.

ನಮ್ಮ ಭಾಗದಲ್ಲಿ ಇನ್ನೊಂದು ಗೊಂದಲವೂ ಇದೆ. 2006ರ ಚಿಕೂನ್‌ಗುನ್ಯಾ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಹಾಸಿಗೆ ಹಿಡಿಸಿತು. ಬೀದರ್, ಕಲಬುರಗಿ ಜಿಲ್ಲೆಗಳೂ ಅದರ ಪೆಟ್ಟು ತಿಂದವು. ಆ ನೆನಪಿನಿಂದಾಗಿ ಇಂದಿಗೂ ಕೈ ಊದಿದರೆ ‘ಚಿಕೂನ್‌ಗುನ್ಯಾದ ಶೇಷ’ ಎಂದು ಸುಮ್ಮನಾಗುವವರಿದ್ದಾರೆ. ಆ ಜ್ವರದ ನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವುದು ನಿಜ. ನೋಡಲು ಅದು ಸಂಧಿವಾತದಂತೆಯೇ ಇರುವುದೂ ನಿಜ. ಅದಕ್ಕೇ ಯಾವುದು ಯಾವುದೆಂದು ವೈದ್ಯರು ನೋಡಿ ಹೇಳಬೇಕು.

ತಪ್ಪು ಕಲ್ಪನೆ 2: ‘ಅವ್ವಗ ಇದ್ರ ಮಗಳಿಗಿ ಬಂದೇ ಬರ್ತದ.’

ವಾಸ್ತವ: ಈ ಮಾತಿಗೆ ಸಾಕ್ಷಿ ಹೇಳಬಲ್ಲವರು ಅವಳಿಗಳು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಅಚ್ಚೊತ್ತಿದಂತೆ ಒಂದೇ. ವಾತವನ್ನು ಜೀನ್ ಒಂದೇ ತೀರ್ಮಾನಿಸುವುದಾದರೆ ಒಬ್ಬಳಿಗೆ ಬಂದದ್ದು ಇನ್ನೊಬ್ಬಳಿಗೂ ಬರಲೇಬೇಕು. ಬ್ರಿಟನ್ನಿನಲ್ಲಿ 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಗೆ ಇಬ್ಬರಿಗೂ ಬಂದಿದ್ದ ಜೋಡಿಗಳು ನೂರಕ್ಕೆ ಸುಮಾರು 15 ಮಾತ್ರ. ಬೇರೆ ಬೇರೆ ಅಂಡದ ಅವಳಿಗಳಲ್ಲಿ ಅದು ನೂರಕ್ಕೆ 4ರಷ್ಟಿತ್ತು. 15 ಎಂಬುದು 4ಕ್ಕಿಂತ ದೊಡ್ಡದು, ಆದ್ದರಿಂದ ರಕ್ತಸಂಬಂಧದ ಪಾತ್ರ ಇದೆ. 15 ಎಂಬುದು 100ಕ್ಕಿಂತ ಬಹಳ ಚಿಕ್ಕದು, ಆದ್ದರಿಂದ ಅದೇ ಎಲ್ಲವೂ ಅಲ್ಲ.

ದೆಹಲಿ ಸಮೀಪದ ಹಳ್ಳಿಗಳಲ್ಲಿ ನಡೆದು 1993ರಲ್ಲೇ ಪ್ರಕಟವಾದ ಸಮೀಕ್ಷೆಯ ಪ್ರಕಾರ ಈ ರೋಗ ಸಾವಿರ ವಯಸ್ಕರಲ್ಲಿ ಏಳೆಂಟು ಮಂದಿಗಿದೆ. ತಾಯಿ ಅಥವಾ ಒಡಹುಟ್ಟಿದವರಿಗೆ ಇದ್ದರೆ ಸಾಧ್ಯತೆ ಸರಿಸುಮಾರು ಮೂರು ಪಟ್ಟಾಗುತ್ತದೆ. ಪಟ್ಟಿನ ಲೆಕ್ಕ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ತಲೆಲೆಕ್ಕ ಹಾಕಿ ನೋಡಿದರೆ ಅಂಥ ನೂರು ಹೆಣ್ಣುಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಈ ವಾತ ಬರುವುದೇ ಇಲ್ಲ. ತಾಯಿಯ ಸೊಟ್ಟ ಬೆರಳು ನೋಡಿ ಮಗಳ ಸಂಬಂಧ ಬೇಡವೆನ್ನುವ ಬೀಗರು ಈ ಲೆಕ್ಕವನ್ನು ಒಮ್ಮೆ ಕೇಳಬೇಕು.

ತಪ್ಪು ಕಲ್ಪನೆ 3: ವಾತದ್ದೊಂದು ಜೀನ್ ಇದೆ, ಅದು ಇದ್ದವರಿಗೆ ರೋಗ.

ವಾಸ್ತವ: ಒಂದೇ ಜೀನಿನ ಪ್ರತಾಪ ನೋಡಬೇಕೆಂದರೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿಗೆ ಹೋಗಬೇಕು. 1970ರ ದಶಕದಲ್ಲಿ ಅಲ್ಲಿನ ಹಂದಿಗೋಡು ಗ್ರಾಮದಲ್ಲಿ ಸೊಂಟ, ಮೊಣಕಾಲಿನ ಕೀಲುಗಳನ್ನು ಕೆಡಿಸುವ ರೋಗವೊಂದು ಬೆಳಕಿಗೆ ಬಂತು. ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ ಮೊದಮೊದಲು ಅನುಮಾನವಿತ್ತು. ಕುಟುಂಬಗಳ ವಂಶವೃಕ್ಷ ಬರೆದು ನೋಡಿದ ತಜ್ಞರಿಗೆ ಅದು ತಲೆಮಾರಿನಿಂದ ತಲೆಮಾರಿಗೆ ನೇರವಾಗಿ ಇಳಿಯುವುದು ಕಂಡಿತು. ಅಂಥ ರೋಗದಲ್ಲಿ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಹಂದಿಗೋಡು ಕಾಯಿಲೆ ಸ್ವಯಂನಿರೋಧಕ ರೋಗವಲ್ಲ, ರುಮಟಾಯ್ಡ್ ಸಂಧಿವಾತ ಅದರ ಹಾಗೆ ಇಳಿಯುವುದೂ ಇಲ್ಲ.

ಸಂಧಿವಾತದ ಸುಳಿವು ಮೊದಲು ಸಿಕ್ಕದ್ದು 6ನೇ ಕ್ರೋಮೋಸೋಮಿನ ಎಚ್‌ಎಲ್‌ಎ ಜೀನ್‌ಗಳಲ್ಲಿ. ಅಮೆರಿಕದ ಪೀಟರ್ ಸ್ಟಾಸ್ಟ್ನಿ 1978ರಲ್ಲಿ ಆ ಸಂಬಂಧ ತೋರಿಸಿದರು. ತನ್ನದು ಯಾವುದು, ಪರಕೀಯ ಯಾವುದು ಎಂದು ರಕ್ಷಣಾ ಕೋಶಗಳಿಗೆ ತೋರಿಸಿಕೊಡುವುದು ಈ ಜೀನ್‌ಗಳ ಕೆಲಸ. ಆ ತೋರಿಸುವ ಕೈ ತುಸು ಅತ್ತಿತ್ತ ಆದರೆ ಗುರುತು ತಪ್ಪುವ ಸಂಭವ ಹೆಚ್ಚು. 2004ರಲ್ಲಿ ಪಿಟಿಪಿಎನ್22 ಎಂಬ ಇನ್ನೊಂದು ಜೀನ್ ಸೇರಿತು. 2022ರ ಜಾಗತಿಕ ಅಧ್ಯಯನವೊಂದು 2.76 ಲಕ್ಷ ಜನರ ಮಾದರಿ ಸೋಸಿ ಈ ರೋಗದ ನಂಟಿರುವ 124 ಜೀನ್ ತಾಣಗಳನ್ನು ಗುರುತಿಸಿತು. ಎಚ್‌ಎಲ್‌ಎ ಬಿಟ್ಟರೆ ಒಂದೊಂದರ ಪಾಲೂ ಕಾಳಿನಷ್ಟು. ಈ ಕಾಳುಗಳಲ್ಲಿ ಕೆಲವು ರೋಗವೇ ಇಲ್ಲದ ಎಷ್ಟೋ ಜನರ ಮೈಯಲ್ಲೂ ಇವೆ.

ತಪ್ಪು ಕಲ್ಪನೆ 4: ಸೋದರಮಾವನಿಗೆ ಕೊಟ್ಟಿದ್ದಕ್ಕೇ ಹೀಗಾಯಿತು.

ವಾಸ್ತವ: ಒಳಸಂಬಂಧದ ಮದುವೆಯಿಂದ ಅಪಾಯ ಇದೆ. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷ ಬಂದು ಕೂಡಿದಾಗ ಕಾಣುವ ರೋಗಗಳು ಅದರಿಂದ ಹೆಚ್ಚುತ್ತವೆ. ಸಂಧಿವಾತ ಆ ಜಾತಿಯ ರೋಗವಲ್ಲ. ಮದುವೆಯಲ್ಲಿ ತಪ್ಪು ಹುಡುಕಿ ಸೊಸೆಯನ್ನೋ ಬೀಗರನ್ನೋ ದೂರುವುದರಿಂದ ನೋವು ಕಡಿಮೆಯಾಗದು.

ತಪ್ಪು ಕಲ್ಪನೆ 5: ಜೀನಿನಲ್ಲೇ ಬರೆದಿದ್ದರೆ ನಾವೇನು ಮಾಡಿದರೂ ಅಷ್ಟೇ.

ವಾಸ್ತವ: ಎಳ್ಳಷ್ಟೂ ನಿಜವಲ್ಲ. 2006ರಲ್ಲಿ ಸ್ವೀಡನ್ನಿನ ಸಂಶೋಧಕರು ಹೊಗೆಸೊಪ್ಪು ಮತ್ತು ಎಚ್‌ಎಲ್‌ಎ ಜೀನ್‌ಗಳನ್ನು ಒಟ್ಟಿಗಿಟ್ಟು ನೋಡಿದರು. ಅಪಾಯದ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬಂದಿದ್ದು, ಮೇಲೆ ಧೂಮಪಾನವೂ ಇದ್ದವರಲ್ಲಿ ಒಂದು ಬಗೆಯ ಸಂಧಿವಾತದ ಅಪಾಯ, ಎರಡೂ ಇಲ್ಲದವರಿಗಿಂತ 21 ಪಟ್ಟು ಇತ್ತು. ಹೊಗೆ ಶ್ವಾಸಕೋಶದ ಪ್ರೋಟೀನುಗಳ ರೂಪ ಕೆಡಿಸುತ್ತದೆ. ರೂಪ ಕೆಟ್ಟದ್ದನ್ನು ಈ ಜೀನ್ ‘ಪರಕೀಯ’ ಎಂದು ತೋರಿಸುತ್ತದೆ. ಯುದ್ಧ ಕೊನೆಗೆ ಕೀಲಿನಲ್ಲಿ ನಡೆಯುತ್ತದೆ. ಕಲ್ಲು ಒಡೆಯುವ, ಕೊರೆಯುವ ಕೆಲಸದ ಸಿಲಿಕಾ ಧೂಳು, ವಸಡಿನ ದೀರ್ಘಕಾಲದ ಸೋಂಕು ಇವೂ ಅನುಮಾನದ ಪಟ್ಟಿಯಲ್ಲಿವೆ. ಜೀನ್ ಬದಲಿಸಲು ನಮ್ಮಿಂದಾಗದು. ಬೀಡಿ ಬಿಡುವುದು, ಧೂಳಿನ ಕೆಲಸದಲ್ಲಿ ಬಾಯಿ ಮೂಗು ಮುಚ್ಚಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ತಪ್ಪು ಕಲ್ಪನೆ 6: ‘ಆರ್.ಎ. ಟೆಸ್ಟ್ ಪಾಸಿಟಿವ್ ಬಂದದ’ ಎಂದರೆ ರೋಗ ಜೀನಿನಲ್ಲೇ ಇದೆ.

ವಾಸ್ತವ: ಲ್ಯಾಬಿನಲ್ಲಿ ಮಾಡುವ ಆರ್.ಎ. ಫ್ಯಾಕ್ಟರ್ ಜೀನ್ ಪರೀಕ್ಷೆಯಲ್ಲ, ರಕ್ತದಲ್ಲಿನ ಪ್ರತಿಕಾಯದ ಪರೀಕ್ಷೆ. ಆರೋಗ್ಯವಂತರಲ್ಲೂ, ಅದರಲ್ಲೂ ವಯಸ್ಸಾದವರಲ್ಲಿ, ಕೆಲವು ದೀರ್ಘ ಸೋಂಕುಗಳಲ್ಲಿ ಇದು ಪಾಸಿಟಿವ್ ಬರಬಹುದು. ರೋಗವಿದ್ದೂ ನೆಗೆಟಿವ್ ಬರುವುದುಂಟು. ಆಂಟಿ-ಸಿಸಿಪಿ ಎಂಬ ಪರೀಕ್ಷೆ ಇದಕ್ಕಿಂತ ನಂಬಿಕಸ್ಥ. ಬೆನ್ನುಮೂಳೆಯ ವಾತಕ್ಕೆ ನೋಡುವ ಎಚ್‌ಎಲ್‌ಎ-ಬಿ27 ಮಾತ್ರ ಜೀನಿಗೆ ಸಂಬಂಧಿಸಿದ್ದು. ಅದೂ ಪಾಸಿಟಿವ್ ಇರುವ ಬಹುಪಾಲು ಜನರಿಗೆ ಆ ರೋಗ ಬರುವುದಿಲ್ಲ. ಕೈ ಮುಟ್ಟಿ ನೋಡದೆ ಕಾಗದ ಮಾತ್ರ ನೋಡಿ ರೋಗ ನಿರ್ಧರಿಸಬಾರದು.

ತಪ್ಪು ಕಲ್ಪನೆ 7: ತೊನ್ನಿಗೂ ಥೈರಾಯ್ಡಿಗೂ ವಾತಕ್ಕೂ ಎತ್ತಣ ಸಂಬಂಧ?

ವಾಸ್ತವ: ಒಂದೇ ಮನೆಯಲ್ಲಿ ಅಜ್ಜಿಗೆ ವಾತ, ಅತ್ತೆಗೆ ಥೈರಾಯ್ಡ್, ಹುಡುಗನಿಗೆ ತೊನ್ನು ಇದ್ದರೆ ಶಾಪ ಎನ್ನುವವರಿದ್ದಾರೆ. ಸಂಶೋಧನೆಗೆ ಕಂಡದ್ದು ಹಂಚಿಕೊಂಡ ಜೀನ್‌ಗಳು. ಪಿಟಿಪಿಎನ್22 ಜೀನಿನ ಒಂದೇ ವ್ಯತ್ಯಾಸ ಸಂಧಿವಾತ, ಟೈಪ್ 1 ಮಧುಮೇಹ, ಥೈರಾಯ್ಡಿನ ಸ್ವಯಂನಿರೋಧಕ ರೋಗ, ತೊನ್ನು ಎಲ್ಲದರಲ್ಲೂ ಕಾಣಿಸಿಕೊಂಡಿದೆ. ತೊನ್ನು ಅಂಟುವುದಿಲ್ಲ, ಕುಷ್ಠಕ್ಕೂ ಅದಕ್ಕೂ ನಂಟಿಲ್ಲ. 2025ರ ವೈದ್ಯಕೀಯ ನೊಬೆಲ್ ಪಡೆದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೋನ್ ಸಕಾಗುಚಿ ಕಂಡುಕೊಂಡದ್ದೂ ಇದೇ ದಾರಿಯ ಸಂಗತಿ. ರಕ್ಷಣಾ ಪಡೆಯ ಲಗಾಮು ಹಿಡಿಯುವ ಕೋಶಗಳು ನಮ್ಮ ಮೈಯಲ್ಲಿವೆ, ಫಾಕ್ಸ್‌ಪಿ3 ಎಂಬ ಜೀನ್ ಕೆಟ್ಟರೆ ಆ ಲಗಾಮು ಕಳಚುತ್ತದೆ.

ತಪ್ಪು ಕಲ್ಪನೆ 8: ಇದೆಲ್ಲ ಪರದೇಶದವರ ಸಂಶೋಧನೆ, ನಮಗೇನು?

ವಾಸ್ತವ: ದೂರಿನಲ್ಲಿ ಅರ್ಧ ಸತ್ಯವಿದೆ. ಇಂಥ ಅಧ್ಯಯನಗಳಿಗೆ ರಕ್ತ ಕೊಟ್ಟವರು ಬಹುಪಾಲು ಯುರೋಪ್ ಮೂಲದವರು. ಪಿಟಿಪಿಎನ್22ರ ಆ ವ್ಯತ್ಯಾಸ ಅವರಲ್ಲಿ ಸಾಮಾನ್ಯ, ಜಪಾನೀಯರಲ್ಲಿ ಇಲ್ಲವೆನ್ನುವಷ್ಟು ಅಪರೂಪ. ದೆಹಲಿ ವಿಶ್ವವಿದ್ಯಾಲಯದ ಬಿ.ಕೆ. ತೆಲ್ಮಾ ಅವರ ತಂಡ 2013ರಲ್ಲಿ ಉತ್ತರ ಭಾರತೀಯರಲ್ಲಿ ಹುಡುಕಿದಾಗ ಎಆರ್‌ಎಲ್15 ಎಂಬ ಹೊಸ ಜೀನಿನ ಸುಳಿವು ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುಂದಾಳಾಗಿ ನಡೆಸಿದ ‘ಜೀನೋಮ್ ಇಂಡಿಯಾ’ ಯೋಜನೆ 83 ಸಮುದಾಯಗಳ ಸುಮಾರು ಹತ್ತು ಸಾವಿರ ಜನರ ಜೀನೋಮ್ ಓದಿತು. 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆಯಿತು. ನಾಲ್ಕು ಭಾಷೆಗಳು ಕೂಡುವ ನಮ್ಮ ಗಡಿಸೀಮೆಯ ಜನರ ರೋಗ ಅರಿಯಲು ಬೇಕಾದ ಅಳತೆಗೋಲು ಈಗಷ್ಟೇ ಕೈಗೆ ಬರುತ್ತಿದೆ.

ತಪ್ಪು ಕಲ್ಪನೆ 9: ಗುಳಿಗೆ ಕಿಡ್ನಿ ಕೆಡಿಸುತ್ತದೆ, ಪುಡಿಯೇ ವಾಸಿ.

ವಾಸ್ತವ: ಎರಡೇ ದಿನಕ್ಕೆ ನೋವು ಮಾಯ ಮಾಡುವ ಹೆಸರಿಲ್ಲದ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಂಭವ ಇರುತ್ತದೆ. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು ಅದರ ಬೆಲೆ. ಸಂಧಿವಾತಕ್ಕೆ ವೈದ್ಯರು ಮೊದಲು ಕೊಡುವ ಮುಖ್ಯ ಔಷಧ ಮೆಥೊಟ್ರೆಕ್ಸೇಟ್, ಅಗ್ಗದ ಗುಳಿಗೆ. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು; ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಆಗಾಗ ರಕ್ತಪರೀಕ್ಷೆ ಬೇಕು, ಬಸಿರಾಗುವ ಯೋಚನೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು.

ಈ ಚಿಕಿತ್ಸೆಗೆ ಯಾರೂ ಜೀನ್ ಪರೀಕ್ಷೆ ಮಾಡಿಸಿಕೊಂಡು ಬರಬೇಕಿಲ್ಲ, ಹೊತ್ತಿಗೆ ಸರಿಯಾಗಿ ಬಂದರೆ ಸಾಕು. ಕೀಲು ಒಮ್ಮೆ ಸೊಟ್ಟಗಾದರೆ ಯಾವ ಗುಳಿಗೆಯೂ ಅದನ್ನು ನೆಟ್ಟಗೆ ಮಾಡದು. ರೊಟ್ಟಿ ಬಡಿಯುವ ಕೈ ಬೆಳಗ್ಗೆ ಅರ್ಧ ಗಂಟೆ ಮೀರಿ ಬಿಗಿ ಹಿಡಿಯುತ್ತಿದ್ದರೆ, ಊತ ಆರು ವಾರ ದಾಟಿದ್ದರೆ, ಭಾಲ್ಕಿ, ಔರಾದ್‌ನ ತಾಲ್ಲೂಕು ಆಸ್ಪತ್ರೆಗೋ ಬೀದರಿನ ಬ್ರಿಮ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಿ ತೋರಿಸಿ. ಅವ್ವಗೆ ಇತ್ತೋ ಇಲ್ಲವೋ ಎಂಬ ಲೆಕ್ಕಕ್ಕೆ ಕಾಯಬೇಡಿ.