ಅಂಚೆಯಣ್ಣನ ಮನೆಯಾಕೆಗೆ ಒಂದು ಫೋನ್ ಮಾಡಿ

ಹಳ್ಳಿಯ ಅಂಚೆಯಣ್ಣ ತೀರಿಕೊಂಡರೆ ಸಾವಿನ ಮನೆಯಲ್ಲೇ ಮಾತು ಶುರುವಾಗುತ್ತೆ. ‘ಸರ್ಕಾರಿ ಕೆಲಸ ಅಲ್ವಾ, ಮನೆಯವರಿಗೆ ಸಿಕ್ಕೇ ಸಿಗುತ್ತೆ ಬಿಡಿ’ ಅಂತ. ನಿಮ್ಮ ತವರಿನ ಕಡೆಯೋ ಗಂಡನ ಕಡೆಯೋ ಇಂಥ ಮನೆ ಇದ್ದರೆ ಇದನ್ನು ಓದಿ.

ಹಳ್ಳಿಯ ಶಾಖಾ ಅಂಚೆ ಕಚೇರಿಗಳನ್ನು ನಡೆಸುವವರು ಗ್ರಾಮೀಣ ಡಾಕ್ ಸೇವಕರು. ದಿನಕ್ಕೆ ನಾಲ್ಕೈದು ಗಂಟೆ ಕೆಲಸ. 2018ರ ಜುಲೈನಿಂದ ಅವರ ಆರಂಭದ ಭತ್ಯೆ 10,000ದಿಂದ 14,500 ರೂಪಾಯಿ, ಜೊತೆಗೆ ತುಟ್ಟಿಭತ್ಯೆ. ಇವರು ಕಾಯಂ ನೌಕರರಲ್ಲ, ಕಾಯಂ ನೌಕರರಿಗಿರುವಂಥ ಪಿಂಚಣಿಯೂ ಇಲ್ಲ. ಹಾಗಾಗಿ ದುಡಿಯುವವರು ಹೋದ ಮೇಲೆ ಅನುಕಂಪದ ಕೆಲಸವೇ ಆ ಮನೆಗೆ ದೊಡ್ಡ ಆಸರೆ.

ಆದರೆ ಅದು ಹಕ್ಕಲ್ಲ. ದಿಢೀರ್ ಕಷ್ಟಕ್ಕೆ ಸಿಕ್ಕ ಕುಟುಂಬಕ್ಕೆ ನೆರವಾಗುವುದಷ್ಟೇ ಅನುಕಂಪದ ನೇಮಕದ ಉದ್ದೇಶ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಕೇಳಿದರೆ ‘ಇಷ್ಟು ದಿನ ಹೇಗೆ ಬದುಕಿದಿರಿ?’ ಅನ್ನೋ ಪ್ರಶ್ನೆ ಬರುತ್ತೆ. ತಿಥಿ ಮುಗಿದ ಕೂಡಲೇ ಅರ್ಜಿಯ ಕೆಲಸ ಶುರುಮಾಡಲಿ.

ಯಾರು ಕೇಳಬಹುದು? ಹೆಂಡತಿ ಅಥವಾ ಗಂಡ, ಅವಲಂಬಿತರಾದ ಮಗ, ಮಗಳು, ದತ್ತು ಮಕ್ಕಳು. ತೀರಿಕೊಂಡವರು ಮದುವೆಯಾಗದವರಾಗಿದ್ದರೆ ಮಾತ್ರ ಅವಲಂಬಿತ ಅಣ್ಣತಮ್ಮಂದಿರು, ಅಕ್ಕತಂಗಿಯರ ಸರದಿ. ‘ನಿನಗ್ಯಾಕಮ್ಮ ಈ ಓಡಾಟ, ಮೈದುನ ಮಾಡ್ತಾನೆ’ ಅಂತ ಯಾರಾದರೂ ಅಂದರೆ ಇದು ನೆನಪಿರಲಿ. ಒಬ್ಬರು ಅರ್ಜಿ ಹಾಕುವಾಗ ಮನೆಯ ಉಳಿದವರ ಒಪ್ಪಿಗೆ ಪತ್ರ ಕೇಳುತ್ತಾರೆ. ಅತ್ತು ಅತ್ತು ಸುಸ್ತಾದ ಹೆಣ್ಣುಮಗಳು ಓದದೇ ಸಹಿ ಹಾಕೋದು ಇಲ್ಲೇ! ‘ನನಗೊಂದ್ಸಲ ಓದಿ ಹೇಳಿ ಆಮೇಲೆ ಹಾಕು’ ಅಂತ ಹೇಳಿಬಿಡಿ.

ಈ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಆಕೆ ಓದಿದ್ದರೆ ಆಕೆಯೇ ಕೇಳಲಿ, ಇಲ್ಲವಾದರೆ ಓದಿದ ಮಗಳ ಹೆಸರೂ ಯೋಚನೆಯಲ್ಲಿರಲಿ. ಮಗನಿಗೇ ಅಂತ ನಿಯಮವೇನಿಲ್ಲ.

ಮರಣ ಪ್ರಮಾಣಪತ್ರ, ವಂಶವೃಕ್ಷ, ಆದಾಯ ಪ್ರಮಾಣಪತ್ರ, ಅಂಕಪಟ್ಟಿ ಒಂದೇ ಫೈಲಿನಲ್ಲಿಟ್ಟು, ಪ್ರತಿಯೊಂದಕ್ಕೂ ಜೆರಾಕ್ಸ್ ಮಾಡಿಸಲಿ. ಅರ್ಜಿ ವಿಭಾಗದ ಅಂಚೆ ಅಧೀಕ್ಷಕರ ಕಚೇರಿಗೆ ಹೋಗಬೇಕು. ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯೋದು ಮರೆಯಬಾರದು. ತೀರ್ಮಾನ ಆಗೋದು ಮೇಲಿನ ಸಮಿತಿಯಲ್ಲಿ. ಸಾಲ, ಮಕ್ಕಳ ಓದು, ಮದುವೆಯಾಗದ ಹೆಣ್ಣುಮಕ್ಕಳು, ಜಮೀನು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಯಲಿ. ‘ಇಷ್ಟು ಕೊಟ್ಟರೆ ಮಾಡಿಸಿಕೊಡ್ತೀನಿ’ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಲಿ. ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು. ಆ ಅರ್ಜಿಯನ್ನು ಬರೆದುಕೊಡೋಕೆ ನೀವಿದ್ದೀರಲ್ಲ!